ನೀರಿನ ಬಾಕಿ, ಕೊಡದ ರಸೀದಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಕಳೆದ ತಿಂಗಳು ನಾವು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅಧ್ಯಕ್ಷರ ಸಂದರ್ಶನ ಹಾಕಿದ್ದೆವು. ಅದರಲ್ಲಿ ಅವರು ಮುಖ್ಯವಾಗಿ ಮೂರು ಮಾತು ಹೇಳಿದ್ದರು. ಜನ ನೀರಿನ ಕಂದಾಯ ಕಟ್ಟುವುದಿಲ್ಲ, ಮತ್ತೆ ನೀರು ಎಲ್ಲಿಂದ ಕೊಡೋದು? ಚರಂಡಿ, ಬೀದಿ ದೀಪ ಸಣ್ಣ ವಿಷಯ, ಊರಿಗೊಂದು ದೊಡ್ಡ ಸಮುದಾಯ ಭವನ ಕಟ್ಟಿಸುವುದು ನನ್ನ ಆಸೆ. ಗ್ರಾಮಸಭೆ ಕರೆದರೆ ಬರೀ ಜಗಳ, ಅದಕ್ಕೇ ನಾನು ಮನೆಮನೆಗೆ ಹೋಗಿ ಕಷ್ಟ ಕೇಳುತ್ತೇನೆ. ಒಂದು ಮರುಪ್ರಶ್ನೆಯನ್ನೂ ಹಾಕದೆ ಇದನ್ನೆಲ್ಲ ಅಚ್ಚು ಹಾಕಿದ್ದೀರಲ್ಲ ಎಂದು ಅದೇ ಪಂಚಾಯಿತಿಯ ನೀವು ಕೇಳಿದ್ದೀರಿ.

ಕೇಳಬೇಕಾದ್ದನ್ನೇ ಕೇಳಿದ್ದೀರಿ. ತಪ್ಪು ನಮ್ಮದು. ಪತ್ರ ಓದಿದ ವಾರವೇ ನಾನು ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬಂದೆ.

ಬೆಳಗಿನ ಜಾವ ಐದು ಗಂಟೆಗೆ, ಊರಿಗೆ ನೀರು ಬಿಡುವ ನೀರುಗಂಟಿಯ ಜೊತೆ ಹೊರಟೆ. ಅವರ ಹೆಗಲ ಮೇಲೆ ಎದೆಯೆತ್ತರದ ಕಬ್ಬಿಣದ ಕೀ. ಕಲ್ಲು ಚಪ್ಪಡಿ ಸರಿಸಿ, ಗುಂಡಿಯೊಳಗೆ ಕೀ ಇಳಿಸಿ, ಮೈಭಾರವನ್ನೆಲ್ಲ ಹಾಕಿ ವಾಲ್ವ್ ತಿರುಗಿಸಿದರು. ಕೆಳಗಿನ ಬೀದಿಯ ನಲ್ಲಿಗಳು ಸುರ್ ಅಂದವು. ಅದರ ಹಿಂದೆಯೇ ಗುಂಯ್ ಅನ್ನುವ ಸದ್ದು. ನಾಲ್ಕೈದು ಮನೆಯವರು ನಲ್ಲಿಗೇ ಸಣ್ಣ ಮೋಟಾರು ಸಿಕ್ಕಿಸಿ ಸಂಪ್ ತೊಟ್ಟಿಗೆ ನೀರು ಎಳೆಯುತ್ತಿದ್ದರು. ಮೇಲಿನ ಬೀದಿಗೆ ಹೋಗಿ ನೋಡಿದರೆ ನಲ್ಲಿಯಲ್ಲಿ ದಾರದಷ್ಟು ಸಣ್ಣ ಧಾರೆ. ಅಲ್ಲೊಬ್ಬ ಅಜ್ಜಿ ಆರು ಬಿಂದಿಗೆ ತುಂಬಿಸಿಕೊಳ್ಳುವಷ್ಟರಲ್ಲಿ ಅದೂ ನಿಂತುಹೋಯಿತು. ಮನೆಯಲ್ಲಿ ಐದು ಜನ ಇದ್ದಾರೆ. ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಯೋಜನೆ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ಐದು ಜನಕ್ಕೆ 275 ಲೀಟರ್. ಹೆಚ್ಚೂಕಡಿಮೆ ಹದಿನೆಂಟು ಬಿಂದಿಗೆ ಆಯಿತು, ಅಲ್ವಾ?

ಕಂದಾಯದ ಮಾತು ಎತ್ತಿದೆ. ಅಜ್ಜಿ ಒಳಗೆ ಹೋಗಿ ರೇಷನ್ ಕಾರ್ಡಿನ ಕವರ್ ತಂದರು. ಅದರೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಒಂದೇ ಒಂದು ಹಳೇ ರಸೀದಿ. "ಇದಾದಮೇಲೂ ಎರಡು ಸಲ ಕಟ್ಟಿದೀನಿ ಸ್ವಾಮಿ, ಚೀಟಿ ಕೊಡಲಿಲ್ಲ. ಆಮೇಲೆ ಬಾಕಿ ಅಂತ ಬರ್ಕೊಂಡು ಬಂದ್ರು. ಚೀಟಿ ಕೊಟ್ರೆ ಈಗಲೇ ಕಟ್ತೀನಿ" ಅಂದರು. ಆ ಬೀದಿಯಲ್ಲಿ ಇನ್ನೂ ಮೂರು ಮನೆಯಲ್ಲಿ ಇದೇ ಮಾತು ಕೇಳಿದೆ.

ಹಾಗಂತ ಅಧ್ಯಕ್ಷರ ಕಷ್ಟ ಸುಳ್ಳಲ್ಲ. ಬೋರ್‌ವೆಲ್ ಮೋಟಾರು ಸುಟ್ಟರೆ ರಿಪೇರಿಗೆ ದುಡ್ಡು ಬೇಕು, ನೀರೆತ್ತುವ ಮೋಟಾರಿನ ಕರೆಂಟ್ ಬಿಲ್ ಕಟ್ಟಬೇಕು, ನೀರುಗಂಟಿಗೆ ಸಂಬಳ ಕೊಡಬೇಕು. ಒಂದು ಸಲ ಬೇಸಿಗೆಯಲ್ಲಿ ಮೋಟಾರು ಕೆಟ್ಟಾಗ ಅವರು ಕೈಯಿಂದಲೇ ಹಣ ಹಾಕಿ ರಿಪೇರಿ ಮಾಡಿಸಿದ್ದಾರೆ. ಊರವರೇ ಹೇಳಿದರು. ಒಳ್ಳೆಯ ಮನುಷ್ಯ. ಆದರೆ ಊರಿನ ನೀರು ಅಧ್ಯಕ್ಷರ ಜೇಬಿನಿಂದ ಬರಬಾರದು. ಜೇಬಿನಿಂದ ಬಂದರೆ ಅದು ಉಪಕಾರ ಆಗುತ್ತದೆ, ಆಮೇಲೆ ಲೆಕ್ಕ ಕೇಳುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಸಮುದಾಯ ಭವನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಸಂಜೆ ಕತ್ತಲಲ್ಲಿ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗುವ ಹೆಣ್ಣುಮಗಳಿಗೆ ಬೀದಿ ದೀಪ ಸಣ್ಣ ವಿಷಯ ಅಲ್ಲವೇ ಅಲ್ಲ.

ನನ್ನನ್ನು ಕಾಡಿದ್ದು ಮೂರನೆಯ ಮಾತು. ಮನೆಮನೆಗೆ ಹೋಗಿ ಕಷ್ಟ ಕೇಳುವುದು ನೋಡೋಕೆ ಚೆಂದ. ಮನೆಯೊಳಗೆ ಜನ ಏನು ಕೇಳುತ್ತಾರೆ? ಪಿಂಚಣಿ, ಆಶ್ರಯ ಮನೆ, ಮನೆ-ಸೈಟಿನ ಇ-ಸ್ವತ್ತು ಖಾತೆ. ತಪ್ಪೇನಿಲ್ಲ, ಅವರ ಅಗತ್ಯ ಅದು. ಆದರೆ ಕೆಳಗಿನ ಬೀದಿಯ ಮೋಟಾರು ತೆಗೆಸಿ ಅಂತ ಆ ಅಜ್ಜಿ ಒಬ್ಬರೇ ತಮ್ಮ ಜಗಲಿಯಲ್ಲಿ ಕೂತು ಹೇಗೆ ಹೇಳುತ್ತಾರೆ? ನಾಳೆ ಅದೇ ಬೀದಿಯವರ ಹೊಲಕ್ಕೆ ಕೂಲಿಗೆ ಹೋಗಬೇಕು. ಎರಡೂ ಬೀದಿಯವರು ಗ್ರಾಮಸಭೆಯಲ್ಲಿ ಒಂದೇ ಕಡೆ ಕೂತಾಗ ಮಾತ್ರ ಆ ಮಾತು ಹೊರಗೆ ಬರುತ್ತದೆ. ಜಗಳ ಆಗುತ್ತದೆ, ಆಗಲಿ. ಆ ಜಗಳ ಬಿಡಿಸುವುದೇ ಅಧ್ಯಕ್ಷರ ಕೆಲಸ.

ನಮ್ಮ ರಾಜ್ಯದಲ್ಲಿ ಇದನ್ನು ಚೆನ್ನಾಗಿ ಅರಿತಿದ್ದವರು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆ ಕಡೆಯವರು. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದರು. ಊರೂರಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದರು. ಬೋರ್‌ವೆಲ್ ಕೊರೆಸಿದ್ದಕ್ಕೇ ಓಟು ಸಿಗುತ್ತಿತ್ತು, ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಅವರು ಹಣ, ಅಧಿಕಾರ ಎರಡನ್ನೂ ಕೆಳಗೆ ಇಳಿಸಲು ಹಟ ಹಿಡಿದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಹೆಂಗಸರಿಗೆ ಶೇ 25 ಸ್ಥಾನ ಮೀಸಲಾಯಿತು. ಪಂಚಾಯಿತಿಗಳ ಬಗ್ಗೆ ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾಗಿ ಆರು ವರ್ಷಕ್ಕೆ, 1993ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. 1988ರಲ್ಲೇ ತೀರಿಕೊಂಡಿದ್ದರು.

ಸಂದರ್ಶನದಲ್ಲಿ ಬಿಟ್ಟಿದ್ದ ಪ್ರಶ್ನೆಯನ್ನು ಈ ಸಲ ಅಧ್ಯಕ್ಷರಿಗೆ ಕೇಳಿದೆ. "ಹೋದ ಗ್ರಾಮಸಭೆ ಯಾವತ್ತು ಆಯ್ತು?" ಅವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಖ ನೋಡಿದರು. ಪಿಡಿಒ ನಡಾವಳಿ ಪುಸ್ತಕ ತೆಗೆದರು. ತಾರೀಕು ಇದೆ, ಸಹಿಗಳಿವೆ. ಮೇಲಿನ ಬೀದಿಯಲ್ಲಿ ಮಾತ್ರ ಡಂಗುರ ಕೇಳಿದವರು ಒಬ್ಬರೂ ಸಿಗಲಿಲ್ಲ. ಇದನ್ನು ಅವರೆದುರೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಜಮಾಬಂದಿಗೆ ಎಲ್ಲಾ ಬೀದಿಲೂ ಸಾರಿಸ್ತೀನಿ, ನೀವೂ ಬನ್ನಿ" ಅಂದರು.

ಜಮಾಬಂದಿ ಅಂದರೆ ಹಿಂದಿನ ವರ್ಷದ ಜಮಾ-ಖರ್ಚನ್ನು ಊರಿನ ಮುಂದೆ ಓದಬೇಕಾದ ದಿನ. ನೀರಿನ ಕಂದಾಯ ಎಷ್ಟು ಬಂತು, ಯಾರ ಹೆಸರಿಗೆ ಎಷ್ಟು ಬಾಕಿ, ಮೋಟಾರು ರಿಪೇರಿಗೆ ಎಷ್ಟು ಹೋಯಿತು ಎಂದು ಅಲ್ಲೇ ಕೇಳಬಹುದು. ಅಜ್ಜಿಗೆ ಆ ರಸೀದಿ ತರಲು ಹೇಳಿ ಬಂದಿದ್ದೇನೆ. ನೀವು ಬನ್ನಿ ಮೇಷ್ಟ್ರೇ, ಓದಿಸಿದ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಅಲ್ಲಿ ಓದಿದ ಲೆಕ್ಕವನ್ನು, ಸಂದರ್ಶನ ಬಂದ ಅದೇ ಪುಟದಲ್ಲಿ ಪೂರ್ತಿ ಹಾಕುತ್ತೇವೆ.

- ಸಂಪಾದಕ