ಕಾಲೇಜ್ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ನಲ್ಲಿ ನಿಲ್ಲುತ್ತಾನಾ ಅಂತ ಮೊದಲೇ ಹೇಳಬಹುದಾ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತನ್ನ ತಂಡದ ದಾಳಿ ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಕಾಲೇಜಿನಲ್ಲಿ ಒಂದೇ ಸೀಸನ್‌ನಲ್ಲಿ ಮೂವತ್ತು ನಲವತ್ತು ಟಚ್‌ಡೌನ್ (ಅಂಕ ತರುವ) ಪಾಸ್ ಎಸೆದವನು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೂ ಹಾಗೇ ಆಡುತ್ತಾನೆ ಅಂತ ನಂಬಬಹುದಾ ಅಂತ ಕೇಳಿದ್ದೀರಿ. ಬರೀ ಆ ಅಂಕಿ ನೋಡಿ ನಂಬಬೇಡಿ. ನಾನು ಮೊದಲು ನೋಡೋದು ಎರಡು: ಅವನು ಎಷ್ಟು ಪಂದ್ಯ ಆಡಿದ್ದಾನೆ, ಮತ್ತು ಅಂದುಕೊಂಡ ಪಾಸ್ ಸಿಗದೇ ಹೋದಾಗ ಏನು ಮಾಡುತ್ತಾನೆ.

ಕಾಲೇಜ್ ಆಟದಲ್ಲಿ ಜಾಗ ಜಾಸ್ತಿ. ಆಟ ಶುರುವಾಗುವಾಗ ಚೆಂಡು ಇಡುವ ಮಿತಿ ತೋರಿಸುವ ಹ್ಯಾಷ್ ಗುರುತುಗಳ ನಡುವೆ ಅಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು ಅಷ್ಟೇ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಬದಿಯಲ್ಲಿದ್ದರೆ ಇನ್ನೊಂದು ಬದಿ ಪೂರ್ತಿ ಖಾಲಿ ಬಯಲು, ಅಲ್ಲಿ ಓಡುವ ರಿಸೀವರ್‌ನನ್ನು (ಪಾಸ್ ಹಿಡಿಯುವವನನ್ನು) ಕಾಯೋದು ಡಿಫೆನ್ಸ್‌ಗೆ ಕಷ್ಟ. ಎಷ್ಟೋ ತಂಡಗಳಲ್ಲಿ ಕೋಚ್ ಹೊರಗಿನಿಂದಲೇ ಸನ್ನೆ ಮಾಡುತ್ತಾರೆ, ಹುಡುಗ ಒಬ್ಬನನ್ನು ನೋಡಿ ಎಸೆಯುತ್ತಾನೆ, ಅಷ್ಟೇ ಕೆಲಸ. ಎನ್‌ಎಫ್‌ಎಲ್‌ನಲ್ಲಿ ರಿಸೀವರ್ ಖಾಲಿ ಆದಮೇಲೆ ಎಸೆದರೆ ತಡ ಆಯಿತು ಅಂತಲೇ ಲೆಕ್ಕ. ಅವನು ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು.

ಅದಕ್ಕೇ ಥರ್ಡ್ ಡೌನ್ ನೋಡಿ, ಅಂದರೆ ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು. ಎಂಟು ಹತ್ತು ಗಜ ಬೇಕು, ಮೊದಲ ರಿಸೀವರ್‌ಗೆ ದಾರಿ ಮುಚ್ಚಿದೆ, ಎದುರಿನವರು ನುಗ್ಗುತ್ತಿದ್ದಾರೆ. ಆಗ ಅವನ ಕಣ್ಣು ಎಲ್ಲಿರುತ್ತದೆ? ಒಂದು ಹೆಜ್ಜೆ ಮುಂದಿಟ್ಟು ಎರಡನೆಯವನನ್ನು, ಮೂರನೆಯವನನ್ನು ಹುಡುಕುತ್ತಾನಾ, ಅಥವಾ ಮೈಮೇಲೆ ಬರುವವರನ್ನೇ ನೋಡುತ್ತಾ ಹಿಂದಕ್ಕೆ ಓಡುತ್ತಾನಾ? ಚೆಂಡು ಹಿಡಿದುಕೊಂಡೇ ನಿಂತು ಸ್ಯಾಕ್ ಆಗುವ (ಎಸೆಯುವ ಮೊದಲೇ ನೆಲಕ್ಕೆ ಬೀಳುವ) ಚಾಳಿಯನ್ನು ಜನ ಸುಮ್ನೆ ಅವನನ್ನು ಕಾಯುವ ಲೈನ್‌ನವರ ತಲೆಗೆ ಕಟ್ಟುತ್ತಾರೆ. ಬಹಳ ಸಲ ಅದು ಅವನದೇ ಚಾಳಿ, ಮುಂದಿನ ತಂಡಕ್ಕೂ ಜೊತೆಯಲ್ಲೇ ಬರುತ್ತದೆ.

ಎನ್‌ಎಫ್‌ಎಲ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ (49ers) ಕಥೆ ನೋಡಿ. 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳೋದು) ಮೂರನೇ ಆಯ್ಕೆಗಾಗಿ ಅವರು ಮೊದಲ ಸುತ್ತಿನ ಮೂರು ಆಯ್ಕೆಗಳನ್ನೇ ಬಿಟ್ಟುಕೊಟ್ಟು ಟ್ರೇ ಲ್ಯಾನ್ಸ್‌ನನ್ನು ತಂದರು. ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ 2019ರಲ್ಲಿ 28 ಟಚ್‌ಡೌನ್ ಪಾಸ್, ಒಂದೂ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಇಲ್ಲ. ಆದರೆ ಪೂರ್ತಿ ಆಡಿದ್ದು ಆ ಒಂದೇ ಸೀಸನ್, ಅದೂ ಕೆಳಗಿನ ಮಟ್ಟದ ಕಾಲೇಜ್ ಆಟದಲ್ಲಿ, 2020ರಲ್ಲಿ ಕೋವಿಡ್‌ನಿಂದಾಗಿ ಒಂದೇ ಪಂದ್ಯ. ಮರುವರ್ಷ ಅದೇ ತಂಡ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಲ್ಲಿ ಬ್ರಾಕ್ ಪರ್ಡಿಯನ್ನು ತೆಗೆದುಕೊಂಡಿತು. ದೊಡ್ಡ ಮೈಕಟ್ಟಿಲ್ಲ, ತೋಳಿನ ಬಲವೂ ಸಾಧಾರಣ, ಆದರೆ ಅಯೋವಾ ಸ್ಟೇಟ್‌ಗೆ ನಾಲ್ಕು ವರ್ಷ ಆಡಿ ಎಲ್ಲಾ ಥರದ ಡಿಫೆನ್ಸ್ ಕಂಡಿದ್ದ. 2023ರ ಸೀಸನ್‌ನಲ್ಲಿ ತಂಡವನ್ನು ಫೈನಲ್ ಆದ ಸೂಪರ್ ಬೌಲ್‌ವರೆಗೆ ಕರೆದೊಯ್ದವನು ಅವನೇ. ಲ್ಯಾನ್ಸ್‌ಗೆ 2022ರಲ್ಲಿ ಕಾಲು ಮುರಿಯಿತು, ಅದನ್ನು ಮರೆಯೋದು ನ್ಯಾಯ ಅಲ್ಲ. ಆದರೂ ಕಡಿಮೆ ಆಡಿದವನ ಮೇಲೆ ಅಷ್ಟು ದೊಡ್ಡ ಬೆಲೆ ಕಟ್ಟೋದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಇಲ್ಲ.

ಜಾಷ್ ಅಲೆನ್ ಮಾತ್ರ ಬೇರೆಯೇ ಲೆಕ್ಕ. ಕಾಲೇಜಿನಲ್ಲಿ, ವಯೋಮಿಂಗ್‌ಗೆ ಆಡುವಾಗ, ಎಸೆದ ಪಾಸ್‌ಗಳಲ್ಲಿ ಶೇ. 56ರಷ್ಟೇ ಗುರಿ ಮುಟ್ಟಿದ್ದವು. 2018ರಲ್ಲಿ ಬಫಲೋ ತಂಡ ಅವನನ್ನು ಏಳನೇ ಆಯ್ಕೆಯಾಗಿ ತೆಗೆದುಕೊಂಡಾಗ ಬಹಳ ಜನ ಬೈದರು. ಮೊದಲ ವರ್ಷ ಶೇ. 52.8. ಆದರೆ ಮುಖ್ಯ ಕೋಚ್ ಬದಲಾಗಲಿಲ್ಲ, ಎಸೆಯುವ ರೀತಿ ತಿದ್ದಿಕೊಂಡ, 2020ರಲ್ಲಿ ರಿಸೀವರ್ ಸ್ಟೆಫಾನ್ ಡಿಗ್ಸ್ ಬಂದರು, ಆ ವರ್ಷ ಶೇ. 69.2! 2024ರ ಸೀಸನ್‌ಗೆ ಎಂವಿಪಿಯೂ (ಲೀಗ್‌ನ ಅತ್ಯಮೂಲ್ಯ ಆಟಗಾರ) ಆದ. ಅಂಥ ತೋಳು, ಅಂಥ ಮೈಕಟ್ಟು ಇದ್ದವರೂ ಎಷ್ಟೋ ಜನ ಹಾಳಾಗಿದ್ದಾರೆ. ಹಾಗಾಗಿ ಯಾವ ತಂಡಕ್ಕೆ ಹೋಗುತ್ತಾನೆ ಅಂತ ಗೊತ್ತಾಗುವವರೆಗೆ ನನ್ನ ಅಂದಾಜು ಅರ್ಧ ಅಷ್ಟೇ. ವರ್ಷಕ್ಕೊಬ್ಬ ಕೋಚ್ ಬದಲಾಗುವ ಕಡೆ ಹೋದರೆ ಎಂಥವನಿಗೂ ಕಷ್ಟ, ಅಲ್ವಾ?

ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಪರೀಕ್ಷಿಸುವ ಕಂಬೈನ್‌ನಲ್ಲಿ ಎದುರಾಳಿಯೇ ಇಲ್ಲದೆ ಎಸೆಯುವ ವಿಡಿಯೋಗಳಿಗೆ ಜಾಸ್ತಿ ಬೆಲೆ ಕೊಡಬೇಡಿ. ನಿಮ್ಮ ಮನಸ್ಸಿನಲ್ಲಿರುವ ಹುಡುಗ ಆಡಿದ ಅತಿ ಗಟ್ಟಿ ಡಿಫೆನ್ಸ್ ಯಾವುದೋ ಆ ಪಂದ್ಯ ಹುಡುಕಿ, ಹೈಲೈಟ್ಸ್ ಅಲ್ಲ, ಪೂರ್ತಿ ನೋಡಿ. ಅವನು ಯಾರು ಅಂತ ಕೆಳಗೆ ಬರೆಯಿರಿ, ನಾನೂ ನೋಡಿ ಅನಿಸಿದ್ದು ಹೇಳುತ್ತೇನೆ.