ಜೇಜು ದ್ವೀಪಕ್ಕೆ ಮೂರು ದಿನ ಸಾಕಾ?

ದಕ್ಷಿಣ ಕೊರಿಯಾದ ಸೋಲ್‌ಗೆ ಹೋದಾಗ ಅಪ್ಪ ಅಮ್ಮನ ಜೊತೆ ಮೂರು ದಿನ ಜೇಜು ನೋಡಬೇಕು, ಕಾರು ಓಡಿಸದೆ ಇಡೀ ದ್ವೀಪ ಸುತ್ತಬಹುದಾ, ಸಸ್ಯಾಹಾರ ಸಿಗುತ್ತದಾ ಅಂತ ಕೇಳಿದ್ದೀರಿ.

ಇಡೀ ದ್ವೀಪ ಆಗುವುದಿಲ್ಲ. ಮ್ಯಾಪಿನಲ್ಲಿ ಚಿಕ್ಕದಾಗಿ ಕಂಡರೂ ಜೇಜು ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರ್ ಇದೆ. ನಟ್ಟನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಬೆಟ್ಟ. ಎಲ್ಲವನ್ನೂ ನೋಡಲು ಹೊರಟರೆ ಬಸ್ಸಿನ ಕಿಟಕಿ ಮಾತ್ರ ನೋಡಿಕೊಂಡು ಬರುತ್ತೀರಿ. ನನ್ನ ಕೇಳಿದರೆ ಪಶ್ಚಿಮ ಭಾಗವನ್ನು ಪೂರ್ತಿ ಕೈಬಿಡಿ. ಒಂದು ರಾತ್ರಿ ಪೂರ್ವದ ಸಂಗ್‌ಸಾನ್‌ನಲ್ಲಿ, ಇನ್ನೊಂದು ರಾತ್ರಿ ದಕ್ಷಿಣದ ಸೊಗ್ವಿಪೊದಲ್ಲಿ ಉಳಿಯಿರಿ.

ಸೋಲ್‌ನಿಂದ ವಿಮಾನ ಒಂದು ಗಂಟೆ ಚಿಲ್ಲರೆ. ಆದರೆ ಹೆಚ್ಚುಕಮ್ಮಿ ಎಲ್ಲವೂ ಹೊರಡುವುದು ಗಿಂಪೊ ನಿಲ್ದಾಣದಿಂದ, ವಿದೇಶದ ವಿಮಾನಗಳು ಇಳಿಯುವ ಇಂಚಾನ್‌ನಿಂದ ಅಲ್ಲ. ಬೆಳಗಿನ ವಿಮಾನವೇ ಹಿಡಿಯಿರಿ. ಜೇಜು ಏರ್‌ಪೋರ್ಟಿನಿಂದ ಸಂಗ್‌ಸಾನ್‌ಗೆ ಎಕ್ಸ್‌ಪ್ರೆಸ್ ಬಸ್ ಇದೆ.

ಸಂಗ್‌ಸಾನ್ ಇಲ್ಚುಲ್‌ಬೊಂಗ್ ಅಂದರೆ ಸುಮಾರು 5,000 ವರ್ಷದ ಹಿಂದೆ ಸಮುದ್ರದೊಳಗೆ ಸ್ಫೋಟಿಸಿ ಮೇಲೆದ್ದ ಜ್ವಾಲಾಮುಖಿ. ಎತ್ತರ 182 ಮೀಟರ್, ಅಷ್ಟೂ ಮೆಟ್ಟಿಲು. ನಿಧಾನಕ್ಕೆ ಹತ್ತಿದರೂ ಅರ್ಧ ಗಂಟೆ ಸಾಕು. ತುದಿಯಲ್ಲಿ ನಿಂತರೆ ಎದುರಿಗೆ ದೊಡ್ಡ ಬಾಣಲೆಯಂಥ ಹಸಿರು ಗುಂಡಿ, ಅದರ ಅಂಚಿನಾಚೆ ನೇರ ಸಮುದ್ರ. ಗಾಳಿ ಎಷ್ಟೆಂದರೆ ಟೋಪಿ ಕೈಯಲ್ಲೇ ಹಿಡಿದಿರಬೇಕು. ಅಮ್ಮನಿಗೆ ಮಂಡಿನೋವು ಇದ್ದರೆ ಹತ್ತಿಸಬೇಡಿ. ಕೆಳಗಿನ ಹುಲ್ಲುಗಾವಲು ಮತ್ತು ದಡದ ದಾರಿಗೆ ಟಿಕೆಟ್ಟೂ ಇಲ್ಲ, ನೋಟವೂ ಕಡಿಮೆಯೇನಲ್ಲ. ಆ ದಡದಲ್ಲೇ ಹೆನ್ಯೊ ಮಹಿಳೆಯರು ಸಮುದ್ರಕ್ಕೆ ಇಳಿಯುವುದನ್ನು ತೋರಿಸುತ್ತಾರೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿ ಮುಳುಗಿ ಶಂಖದ ಹುಳು, ಸಮುದ್ರಪಾಚಿ ತರುವವರು. ಬಹಳಷ್ಟು ಜನ ಅಜ್ಜಿಯರೇ! ನೀರಿನಿಂದ ಮೇಲೆ ಬಂದ ತಕ್ಷಣ ಸಿಳ್ಳೆ ಹೊಡೆದ ಹಾಗೆ ಉಸಿರು ಬಿಡುತ್ತಾರೆ, ದಡದವರೆಗೂ ಕೇಳಿಸುತ್ತದೆ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪರಂಪರೆ ಇದು.

ಪಕ್ಕದ ಉಡೊ ದ್ವೀಪಕ್ಕೆ ಸಂಗ್‌ಸಾನ್ ಬಂದರಿನಿಂದ ದೋಣಿಯಲ್ಲಿ ಹದಿನೈದು ನಿಮಿಷ. ಪಾಸ್‌ಪೋರ್ಟ್ ಜೊತೆಗಿರಲಿ, ಕೇಳುತ್ತಾರೆ. ಅಲ್ಲಿನ ಕಡಲೆಕಾಯಿ ಐಸ್‌ಕ್ರೀಮ್ ತಿನ್ನಿ. ಗಾಳಿ ಜಾಸ್ತಿ ಇದ್ದರೆ ದೋಣಿ ಬಿಡುವುದಿಲ್ಲ, ಹಾಗಾಗಿ ಉಡೊವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಎರಡನೇ ದಿನ 201 ನಂಬರ್ ಬಸ್ಸಿನಲ್ಲಿ ಕರಾವಳಿ ಹಿಡಿದು ಸೊಗ್ವಿಪೊಗೆ. ನಿಧಾನದ ಬಸ್, ವಯಸ್ಸಾದವರಿಗೆ ಬೇಜಾರಾಗಬಹುದು. ದುಡ್ಡು ಹೋದರೂ ಪರವಾಗಿಲ್ಲ ಎಂದರೆ ಆ ದಿನಕ್ಕೆ ಟ್ಯಾಕ್ಸಿ ಗೊತ್ತು ಮಾಡಿ. ಅಲ್ಲಿ ಚೊಂಗ್‌ಬಾಂಗ್ ಜಲಪಾತ ನೋಡಿ. 23 ಮೀಟರ್ ಅಷ್ಟೇ, ನಮ್ಮ ಜೋಗದ ಮುಂದೆ ಏನೂ ಅಲ್ಲ. ಆದರೆ ನೀರು ಸಮುದ್ರದ ದಡಕ್ಕೇ ಬೀಳುತ್ತದೆ. ಮೂರನೇ ದಿನ ಚುಂಗ್‌ಮುನ್ ಹತ್ತಿರದ ಕಲ್ಲಿನ ಕಂಬಗಳು. ಮಲ್ಪೆಯ ಸೇಂಟ್ ಮೇರೀಸ್ ನೋಡಿದವರಿಗೆ ಇದು ಪರಿಚಿತ ಅನ್ನಿಸುತ್ತದೆ, ಅಲ್ವಾ? ಲಾವಾ ತಣ್ಣಗಾಗಿ ಬಿರುಕು ಬಿಟ್ಟೇ ಇವೂ ಆದದ್ದು. ಆಮೇಲೆ 600 ನಂಬರ್ ಬಸ್ ಹತ್ತಿದರೆ ಏರ್‌ಪೋರ್ಟ್.

ಹಲ್ಲಾಸಾನ್ ತುದಿ ಈ ಸಲ ಬೇಡ. ಮೊದಲೇ ಬುಕ್ ಮಾಡಬೇಕು, ಪೂರ್ತಿ ದಿನವೂ ಹೋಗುತ್ತದೆ. ಟೆಡ್ಡಿಬೇರ್ ಮ್ಯೂಸಿಯಂ ಥರದ್ದಕ್ಕೂ ಸುಮ್ನೆ ದುಡ್ಡು ಸುರಿಯಬೇಡಿ.

ಊಟದ್ದೇ ಕಷ್ಟ. ಇಲ್ಲಿ ಹೆಸರುವಾಸಿ ಅಂದರೆ ಕಪ್ಪು ಹಂದಿ ಮತ್ತು ಮೀನು. ತರಕಾರಿ ಸಾರಿಗೂ ಒಣಮೀನು ಹಾಕಿರುತ್ತಾರೆ, ಕೋಸಿನ ಉಪ್ಪಿನಕಾಯಿಯಂಥ ಕಿಮ್ಚಿಯಲ್ಲೂ ಮೀನಿನ ಸಾಸ್ ಇರುತ್ತದೆ. ಮಾಂಸ, ಮೊಟ್ಟೆ ಬಿಟ್ಟು ಬಿಬಿಂಬಾಪ್ (ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ) ಕೊಡಿ ಅಂತ ಕೊರಿಯನ್‌ನಲ್ಲಿ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿರಲಿ. ಕಿತ್ತಳೆಯಂತೂ ಎಲ್ಲೆಲ್ಲೂ ಸಿಗುತ್ತದೆ.

ದಾರಿಗೆ ಗೂಗಲ್ ಮ್ಯಾಪ್ ನಂಬಬೇಡಿ, ಕೊರಿಯಾದವರದ್ದೇ ಆದ ನೇವರ್ ಮ್ಯಾಪ್ ಆ್ಯಪ್ ಹಾಕಿಕೊಳ್ಳಿ. ಬಸ್ಸಿಗೆ ಸೋಲ್‌ನಲ್ಲಿ ಕೊಂಡ ಟಿ-ಮನಿ ಕಾರ್ಡೇ (ಮೊದಲೇ ದುಡ್ಡು ತುಂಬಿಸಿಡುವ ಪ್ರಯಾಣದ ಕಾರ್ಡು) ನಡೆಯುತ್ತದೆ. ಯಾವ ತಿಂಗಳು ಹೋಗುತ್ತೀರಿ ಅಂತ ಬರೆದಿಲ್ಲ. ಆಗಸ್ಟ್, ಸೆಪ್ಟೆಂಬರ್ ಆದರೆ ಚಂಡಮಾರುತದ ಕಾಲ, ವಾಪಸ್ ವಿಮಾನಕ್ಕೂ ಸೋಲ್‌ನಿಂದ ಊರಿಗೆ ಹೊರಡುವುದಕ್ಕೂ ನಡುವೆ ಒಂದು ದಿನ ಬಿಡಿ.