ಡಾಕ್ಟರ್ ಬುದ್ಧಿಯನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ

ಅಮೆರಿಕದ ಕ್ಲಿನಿಕ್‌ಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್ (ಎಂಎ, ಅಂದರೆ ಡಾಕ್ಟರ ಸಹಾಯಕಿ) ಆಗಿ ನನಗೆ ಹದಿನಾಲ್ಕು ವರ್ಷ ಆಯಿತು. ಈಗ ಸಂಜೆ ಹೊತ್ತು ಆ ಕೆಲಸದ ಸಿಸಿಎಂಎ ಅನ್ನುವ ಸರ್ಟಿಫಿಕೇಷನ್ ಪರೀಕ್ಷೆಗೆ ಕೂರುವವರಿಗೆ ಪಾಠವನ್ನೂ ಮಾಡುತ್ತೇನೆ. ಇಲ್ಲಿರುವ ಕನ್ನಡದವರು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಎ ಅಂದರೇನು, ಬಿಪಿ ಪಟ್ಟಿ ಎಲ್ಲಿ ಕಟ್ಟಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಪರೀಕ್ಷೆ ಫೀಸು ಕಟ್ಟಬಾರದು.

"ಊರಲ್ಲಿ ಬಿಡಿಎಸ್ ಮಾಡಿ ಆರು ವರ್ಷ ಸ್ವಂತ ಕ್ಲಿನಿಕ್ ನಡೆಸಿದೆ. ಇಲ್ಲಿ ಎಂಎ ಕೋರ್ಸ್ ಮುಗಿಸಿ ಸಿಸಿಎಂಎ ಬರೆದೆ. 378 ಬಂತು, ಫೇಲ್. ನನ್ನ ಜೊತೆ ಓದಿದ, ಬರೀ ಹೈಸ್ಕೂಲ್ ಆಗಿರುವ ಹುಡುಗಿ ಪಾಸಾದಳು. ನನ್ನದು ಎಲ್ಲಿ ತಪ್ಪಿತು ಮೇಡಂ?" (ಪ್ಲೇನೋ, ಟೆಕ್ಸಸ್)

ನಿಮಗೆ ಜಾಸ್ತಿ ಗೊತ್ತಿದೆ, ಅದೇ ತಪ್ಪು. ತಮಾಷೆ ಮಾಡುತ್ತಿಲ್ಲ. ಡಾಕ್ಟರ್ ಓದು ಓದಿ ಬಂದವರು ಈ ಪರೀಕ್ಷೆಯಲ್ಲಿ ಎಡವುವುದನ್ನು ಪ್ರತಿ ಬ್ಯಾಚ್‌ನಲ್ಲೂ ನೋಡುತ್ತೇನೆ.

ಮೊದಲು ಅಂಕದ ಲೆಕ್ಕ. ಸಿಸಿಎಂಎಗೆ ಪಾಸಾಗಲು 500ಕ್ಕೆ 390 ಬೇಕು. ಇದು ಶೇಕಡಾ ಅಲ್ಲ, ಪ್ರಶ್ನೆಗಳ ಕಷ್ಟಕ್ಕೆ ಹೊಂದಿಸಿ ಕೊಡುವ ಅಂಕ. "390 ಅಂದರೆ ಶೇ. 78, ಹಾಗಾದರೆ 150ಕ್ಕೆ 117 ಸರಿ ಇದ್ದರೆ ಸಾಕು" ಅಂತ ಮನೆಯಲ್ಲಿ ಕೂತು ಭಾಗಾಕಾರ ಮಾಡಬೇಡಿ. ಮೂರು ಗಂಟೆಯಲ್ಲಿ 180 ಪ್ರಶ್ನೆ. ಅದರಲ್ಲಿ ಅಂಕಕ್ಕೆ ಬರುವುದು 150 ಮಾತ್ರ, ಉಳಿದ 30 ಅವರ ಪ್ರಯೋಗಕ್ಕೆ. ಯಾವುದು ಯಾವುದು ಅಂತ ಪತ್ತೆ ಆಗುವುದಿಲ್ಲ. ನಿಮ್ಮ 378 ಗೆರೆಯ ಹತ್ತಿರವೇ ಬಂದಿದೆ. ಅಂದರೆ ವಿಷಯ ಗೊತ್ತಿದೆ, ಉತ್ತರ ಕೊಡುವ ರೀತಿ ತಪ್ಪಿದೆ.

ಹೋದ ವರ್ಷ ಎಂಬಿಬಿಎಸ್ ಆದವರೊಬ್ಬರು ನಮ್ಮ ಮನೆಯ ಊಟದ ಮೇಜಿಗೆ ಪುಸ್ತಕ ಹರಡಿಕೊಂಡು ಕೂತಿದ್ದರು. ಅವರೂ ಒಂದು ಸಲ ಫೇಲ್ ಆದವರೇ. ನಾನೇ ಬರೆದುಕೊಂಡಿದ್ದ ಒಂದು ಪ್ರಶ್ನೆ ಓದಿದೆ. "ಒಬ್ಬ ತಾಯಿ ಕ್ಲಿನಿಕ್‌ಗೆ ಫೋನ್ ಮಾಡಿದ್ದಾಳೆ. ಮಗುವಿಗೆ 104 ಡಿಗ್ರಿ ಜ್ವರ, ಕತ್ತು ಬಗ್ಗಿಸಲು ಆಗುತ್ತಿಲ್ಲ..." ನಾನು ಮುಗಿಸುವ ಮೊದಲೇ, "ಅಕ್ಕ, ಮೆನಿಂಜೈಟಿಸ್, ಮಿದುಳಿನ ಪೊರೆಯ ಸೋಂಕು! ವಾಂತಿ ಇದೆಯಾ, ಬೆಳಕು ನೋಡೋಕೆ ಆಗುತ್ತಾ ಕೇಳಬೇಕು" ಅಂದರು. ತಾಳಿ, ಆಯ್ಕೆಗಳನ್ನು ಕೇಳಿ ಅಂದೆ. ಒಂದು, ಮೆನಿಂಜೈಟಿಸ್ ಇರಬಹುದು ಅಂತ ತಾಯಿಗೆ ಹೇಳುವುದು. ಎರಡು, ಮಗುವಿನ ತೂಕ ಕೇಳಿ ಜ್ವರದ ಔಷಧಿ ಎಷ್ಟು ಕೊಡಬೇಕು ಅಂತ ಹೇಳುವುದು. ಮೂರು, ನಾಳೆ ಬೆಳಗ್ಗೆಗೆ ಅಪಾಯಿಂಟ್‌ಮೆಂಟ್ ಕೊಡುವುದು. ನಾಲ್ಕು, ಕರೆ ಕಡಿಯದೆ ಆಗಲೇ ಡಾಕ್ಟರಿಗೆ ತಿಳಿಸುವುದು. ಅವರು ಎರಡನೆಯದಕ್ಕೆ ಗುರುತು ಹಾಕಿದರು. ಸರಿ ಉತ್ತರ ನಾಲ್ಕನೆಯದು. ಅನುಮಾನ ಪಟ್ಟ ಕಾಯಿಲೆ ಸರಿ, ಅಂಕ ಸೊನ್ನೆ.

ಅಲ್ಲಿ ಕೂತಿರುವುದು ಡಾಕ್ಟರ್ ಅಲ್ಲ, ಎಂಎ. ಕಾಯಿಲೆ ಇದೇ ಅಂತ ಹೇಳುವ, ಡೋಸ್ ತೀರ್ಮಾನಿಸುವ, ರಿಪೋರ್ಟ್ ಬಿಡಿಸಿ ಹೇಳುವ ಅಧಿಕಾರ ಎಂಎಗೆ ಇಲ್ಲ. ಶುಗರ್ ನೋಡುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.2 ಬಂದಿದೆ, ರೋಗಿ ತನ್ನ ಫೋನಿನಲ್ಲೇ ನೋಡಿ "ನನಗೆ ಶುಗರ್ ಇದೆಯಾ?" ಅಂತ ಕೇಳುತ್ತಾನೆ. 6.5 ಮುಟ್ಟಿದರೆ ಡಯಾಬಿಟಿಸ್ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಸರಿ ಉತ್ತರ "ಡಾಕ್ಟರ್ ನಿಮ್ಮ ಜೊತೆ ಮಾತಾಡುತ್ತಾರೆ, ಈಗಲೇ ಅವರಿಗೆ ತಿಳಿಸುತ್ತೇನೆ." ಊರಲ್ಲಿ ಸ್ವಂತ ಕ್ಲಿನಿಕ್ ನಡೆಸಿದವರಿಗೆ ಇದು ಹೊಟ್ಟೆ ಉರಿಸುವ ಮಾತು. ಉರಿಯಲಿ, ಗುರುತು ಮಾತ್ರ ಅಲ್ಲೇ ಹಾಕಿ.

ಹಾಗಂತ ಎಲ್ಲದಕ್ಕೂ "ಡಾಕ್ಟರಿಗೆ ತಿಳಿಸು" ಒತ್ತಿಕೊಂಡು ಹೋದರೂ ಮುಳುಗುತ್ತೀರಿ. ರಕ್ತ ತೆಗೆಯುವಾಗ ರೋಗಿ ತಲೆ ಸುತ್ತಿ ವಾಲಿದರೆ ಡಾಕ್ಟರನ್ನು ಹುಡುಕಿಕೊಂಡು ಓಡುವುದಲ್ಲ. ಮೊದಲು ತೋಳಿಗೆ ಬಿಗಿದ ಪಟ್ಟಿ (ಟೂರ್ನಿಕೆಟ್) ಬಿಚ್ಚಿ, ಸೂಜಿ ತೆಗೆದು, ಒತ್ತಿ ಹಿಡಿದು, ಬೀಳದ ಹಾಗೆ ತಲೆ ತಗ್ಗಿಸಬೇಕು. ಕೈಯಲ್ಲಿರುವ ಕೆಲಸದ ಸುರಕ್ಷತೆ ನಿಮ್ಮದು, ತೀರ್ಮಾನ ಅವರದು. ಪ್ರಶ್ನೆಯಲ್ಲಿ "ಮೊದಲು", "ಮುಂದೆ" ಅನ್ನುವ ಪದ ಇದೆಯಾ ನೋಡಿ. ನಾಲ್ಕೂ ಉತ್ತರ ಸರಿಯೇ ಇರಬಹುದು, ಅವರು ಕೇಳಿದ್ದು ಯಾವುದು ಮುಂಚೆ ಅಂತ.

ಎರಡನೇ ಪೆಟ್ಟು ಊರಿನ ಅಭ್ಯಾಸದ್ದು. ನಮ್ಮಲ್ಲಿ ಬಾಗಿಲಿಗೆ ಬಂದು "ಮಂಜುಳಾ ಯಾರ್ರೀ?" ಅಂತ ಕೂಗುತ್ತೇವೆ, ಯಾರು ಎದ್ದರೋ ಅವರೇ ಮಂಜುಳಾ. ಇಲ್ಲಿ "ನೀವು ಮಂಜುಳಾ ಅಲ್ವಾ?" ಅಂತ ಕೇಳುವುದೇ ತಪ್ಪು. ಭಯದಲ್ಲಿರುವವರು, ಕಿವಿ ಕೇಳದವರು ಯಾವ ಹೆಸರಿಗೂ ತಲೆ ಆಡಿಸುತ್ತಾರೆ. ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ದಿನಾಂಕ ಎರಡನ್ನೂ ಹೇಳಿಸಬೇಕು. ರೂಮ್ ನಂಬರ್ ಲೆಕ್ಕಕ್ಕಿಲ್ಲ. ರಕ್ತದ ಟ್ಯೂಬಿಗೆ ಲೇಬಲ್ ಅಂಟಿಸುವುದೂ ರೋಗಿಯ ಎದುರಲ್ಲೇ, ತೆಗೆದ ಮೇಲೆ. ಮುಂಚೆಯೇ ಅಂಟಿಸಿಟ್ಟುಕೊಳ್ಳುವುದೂ ಇಲ್ಲ, ಆಮೇಲೆ ಟೇಬಲ್ಲಿಗೆ ಒಯ್ದು ಸಾಲಾಗಿ ಅಂಟಿಸುವುದೂ ಇಲ್ಲ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮುಂದೆ ಬರುತ್ತದೆ ಅನ್ನುವುದನ್ನು ಮರೆತವರೂ ನನ್ನ ಕ್ಲಾಸಿನಲ್ಲಿ ಇದ್ದಾರೆ.

ಇನ್ನು ಔಷಧಿ ಹೆಸರು. ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೋಫೆನ್. ಸಾಲ್ಬುಟಮಾಲ್ ಅಲ್ಬುಟೆರಾಲ್. ಅಡ್ರಿನಲಿನ್ ಎಪಿನೆಫ್ರಿನ್. ಪೆಥಿಡಿನ್ ಮೆಪೆರಿಡಿನ್. ಪ್ರಶ್ನೆಯ ಮೂರನೇ ಸಾಲಿನಲ್ಲಿ ಗುರುತು ಸಿಗದ ಹೆಸರು ಬಂದರೆ ಗೊತ್ತಿರುವ ಪ್ರಶ್ನೆಯೂ ಕೈ ತಪ್ಪುತ್ತದೆ.

ತೂಕ ಪೌಂಡ್‌ನಲ್ಲಿರುತ್ತದೆ, ಇದು ಬರೀ ಅಂಕದ ಮಾತಲ್ಲ. ಮಗು 33 ಪೌಂಡ್, ಕೆ.ಜಿ.ಗೆ 10 ಮಿ.ಗ್ರಾಂ. ಆರ್ಡರ್ ಇದೆ, ಸಿರಪ್ 5 ಮಿ.ಲೀ.ಗೆ 160 ಮಿ.ಗ್ರಾಂ. ಅಂತಿಟ್ಟುಕೊಳ್ಳಿ. 33ನ್ನು 2.2ರಿಂದ ಭಾಗಿಸಿದರೆ 15 ಕೆ.ಜಿ., 150 ಮಿ.ಗ್ರಾಂ., ಸುಮಾರು 4.7 ಮಿ.ಲೀ. ಭಾಗಿಸುವುದು ಮರೆತರೆ 330 ಮಿ.ಗ್ರಾಂ., 10.3 ಮಿ.ಲೀ. ಎರಡರಷ್ಟಕ್ಕಿಂತ ಜಾಸ್ತಿ. ಆಯ್ಕೆಗಳಲ್ಲಿ ಆ 10.3 ಕೂಡ ನಿಮಗಾಗಿಯೇ ಕಾದು ಕೂತಿರುತ್ತದೆ. ಬರೆಯುವಾಗ ಅರ್ಧ ಅಂದರೆ 0.5, ಬರೀ .5 ಅಲ್ಲ. ಐದು ಅಂದರೆ 5, 5.0 ಅಲ್ಲ. ಚುಕ್ಕೆ ಕಣ್ಣಿಗೆ ಬೀಳದಿದ್ದರೆ ಅದೇ 50 ಆಗುತ್ತದೆ.

ರಕ್ತವನ್ನು ಯಾವ ಟ್ಯೂಬಿಗೆ ಮೊದಲು, ಯಾವುದಕ್ಕೆ ಆಮೇಲೆ ತುಂಬಿಸಬೇಕು ಅನ್ನುವ ಬಣ್ಣಗಳ ಸಾಲನ್ನು ಎಲ್ಲರೂ ಮಂತ್ರದ ಹಾಗೆ ಒಪ್ಪಿಸುತ್ತಾರೆ. ಬ್ಲಡ್ ಕಲ್ಚರ್, ತಿಳಿನೀಲಿ, ಕೆಂಪು ಮತ್ತು ಚಿನ್ನದ ಬಣ್ಣ, ಹಸಿರು, ನೇರಳೆ, ಬೂದು. ಸಂತೋಷ. ನೇರಳೆ ಟ್ಯೂಬ್ ತುಂಬಿಸಿದ ಮೇಲೆ ಚಿನ್ನದ ಬಣ್ಣದ್ದು ತುಂಬಿಸಿದರೆ ರಿಪೋರ್ಟ್ ಏನಾಗುತ್ತದೆ ಅಂತ ಕೇಳಿದರೆ ಅರ್ಧ ಕ್ಲಾಸ್ ಚಾವಣಿ ನೋಡುತ್ತದೆ. ನೇರಳೆಯಲ್ಲಿರುವುದು ರಕ್ತ ಹೆಪ್ಪುಗಟ್ಟದ ಹಾಗೆ ಹಾಕುವ ಇಡಿಟಿಎ, ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ. ಸೂಜಿಯಲ್ಲಿ ಒಂದಿಷ್ಟು ಮುಂದಿನ ಟ್ಯೂಬಿಗೆ ದಾಟಿದರೂ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಚೆನ್ನಾಗಿರುವ ಮನುಷ್ಯನ ಹೃದಯಕ್ಕೆ ಏನೋ ಆಗಿದೆ ಅಂತ ಮಧ್ಯರಾತ್ರಿ ಫೋನ್ ಹೋಗುತ್ತದೆ. ಕಾರಣ ಗೊತ್ತಿದ್ದರೆ ಸಾಲು ತಾನೇ ನೆನಪಿರುತ್ತದೆ.

ಕೊನೆಗೆ, ನೀವು ಮುಟ್ಟದೇ ಬಿಟ್ಟಿರುವ ಅಧ್ಯಾಯ ಯಾವುದು ಅಂತ ಕೇಳದೆಯೇ ಹೇಳುತ್ತೇನೆ: ಆಫೀಸು ಕೆಲಸ, ಇನ್ಶೂರೆನ್ಸ್, ಕಾನೂನು. "ಅದು ಗುಮಾಸ್ತರ ಕೆಲಸ" ಅಂತ ಪುಟ ತಿರುಗಿಸಿದ್ದೀರಿ. ಇನ್ಶೂರೆನ್ಸ್ ಶುರುವಾಗುವ ಮುಂಚೆ ಕೈಯಿಂದ ಕಟ್ಟುವ ಡಿಡಕ್ಟಿಬಲ್‌ಗೂ ಪ್ರತಿ ಭೇಟಿಗೆ ಕಟ್ಟುವ ಕೋಪೇಗೂ ಏನು ವ್ಯತ್ಯಾಸ, ಮುಖ್ಯವಾಗಿ ಹಿರಿಯರಿಗೆ ಇರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್‌ನ ಪಾರ್ಟ್ ಎ ಆಸ್ಪತ್ರೆಗೆ, ಪಾರ್ಟ್ ಬಿ ಡಾಕ್ಟರ್ ಭೇಟಿಗೆ, ಪಾರ್ಟ್ ಡಿ ಔಷಧಿಗೆ, ರೋಗದ ಕೋಡ್ ಐಸಿಡಿ, ಮಾಡಿದ ಕೆಲಸದ ಕೋಡ್ ಸಿಪಿಟಿ. ರೋಗಿಯ ಮಾಹಿತಿ ಗುಟ್ಟಾಗಿಡಬೇಕು ಅನ್ನುವ 1996ರ ಹಿಪಾ ಕಾಯ್ದೆ ಪ್ರಕಾರ ಗಂಡ ಫೋನ್ ಮಾಡಿ ಹೆಂಡತಿಯ ರಿಪೋರ್ಟ್ ಕೇಳಿದರೆ ಸುಮ್ನೆ ಹೇಳಿಬಿಡುವಂತಿಲ್ಲ. ಆ ಹೈಸ್ಕೂಲ್ ಹುಡುಗಿಗೆ ಇದೆಲ್ಲ ಮನೆಯಲ್ಲಿ ಅಮ್ಮ ಫೋನಿನಲ್ಲಿ ಜಗಳ ಆಡುವುದನ್ನು ಕೇಳಿಯೇ ಗೊತ್ತು. ನೀವು ಓದಬೇಕು.

ಮತ್ತೆ ಬರೆಯಲು 30 ದಿನ ಕಾಯಬೇಕು. ಮೂರು ಸಲ ಫೇಲ್ ಆದರೆ ಒಂದು ವರ್ಷ ಬಾಗಿಲು ಮುಚ್ಚುತ್ತದೆ. 31ನೇ ದಿನಕ್ಕೇ ಬುಕ್ ಮಾಡಬೇಡಿ. ಆರು ವಾರ ಇಟ್ಟುಕೊಳ್ಳಿ. ಅದರಲ್ಲಿ ಅನಾಟಮಿ ಪುಸ್ತಕ ಒಂದು ದಿನವೂ ತೆರೆಯಬೇಡಿ.

"ಬಂದ ಪ್ರಶ್ನೆಗಳೇ ಇರುವ ಪಿಡಿಎಫ್ 200 ಡಾಲರ್‌ಗೆ ಸಿಗುತ್ತಿದೆ. ಪಾಸ್ ಗ್ಯಾರಂಟಿ ಅಂತೆ. ತಗೊಳ್ಳಲಾ?" (ಎಡಿಸನ್, ನ್ಯೂಜೆರ್ಸಿ)

ಬೇಡ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡ ಮೇಲೆಯೇ ಪರೀಕ್ಷೆ ಶುರುವಾಗುವುದು. ಅದು ನಿಜವಾದ ಪ್ರಶ್ನೆಪತ್ರಿಕೆಯೇ ಆಗಿದ್ದರೆ ನಿಮ್ಮ ಸರ್ಟಿಫಿಕೇಟ್ ಕಿತ್ತುಕೊಳ್ಳಲು ಅದೇ ಸಾಕು. ಸುಳ್ಳಾಗಿದ್ದರೆ 200 ಡಾಲರ್ ಹೋಯಿತು. ನಾನು ನೋಡಿದ ಅಂಥ ಒಂದು ಪಿಡಿಎಫ್‌ನಲ್ಲಿ ಇಸಿಜಿಯ ವಿ1 ಎಲೆಕ್ಟ್ರೋಡನ್ನು ಎದೆಯ ಎಡಗಡೆ ಅಂಟಿಸಿದ್ದರು. ಅದು ಎದೆಮೂಳೆಯ ಬಲ ಅಂಚಿಗೆ, ನಾಲ್ಕನೇ ಪಕ್ಕೆಲುಬಿನ ಸಂದಿಗೆ. ಗ್ಯಾರಂಟಿ ಕೊಡುವವನಿಗೆ ಎಡ ಬಲವೂ ಗೊತ್ತಿರಲಿಲ್ಲ. "ನಿಮ್ಮ ಬದಲು ನಾವೇ ಕೂರುತ್ತೇವೆ" ಅನ್ನುವವರ ನಂಬರನ್ನಂತೂ ಬ್ಲಾಕ್ ಮಾಡಿ, ನನಗೆ ಫಾರ್ವರ್ಡ್ ಮಾಡಬೇಡಿ.

"ಮಧ್ಯದಲ್ಲೇ ಕಂಪ್ಯೂಟರ್ ನಿಂತರೆ ಪಾಸ್ ಅಂತಾರೆ, ನಿಜವಾ?"

ಅದು ನರ್ಸ್‌ಗಳ ಎನ್‌ಕ್ಲೆಕ್ಸ್ ಪರೀಕ್ಷೆಯ ಕಥೆ. ಅಲ್ಲೂ ಬೇಗ ನಿಂತರೆ ಪಾಸ್ ಅಂತ ಅರ್ಥವಲ್ಲ. ಇಲ್ಲಿ ಕಂಪ್ಯೂಟರ್ ನಿಂತರೆ ಕೈ ಎತ್ತಿ, ಕೆಟ್ಟಿದೆ.

"ಗೊತ್ತಿಲ್ಲದ ಪ್ರಶ್ನೆ ಖಾಲಿ ಬಿಡಲಾ?"

ನೀಟ್ ಬರೆದ ಅಭ್ಯಾಸ ಇದು. ಇಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬೇಡಿ.

"ಸಿಎಂಎ ಒಳ್ಳೆಯದಾ, ಸಿಸಿಎಂಎ ಒಳ್ಳೆಯದಾ?" (ಕ್ಯಾರಿ, ನಾರ್ತ್ ಕ್ಯಾರೊಲಿನಾ)

ನಿಮ್ಮ ಊರಿನ ಹತ್ತು ಕ್ಲಿನಿಕ್‌ಗಳ ಕೆಲಸದ ಜಾಹೀರಾತು ತೆಗೆದು ನೋಡಿ, ಅವರು ಯಾವುದು ಕೇಳುತ್ತಾರೋ ಅದು ಒಳ್ಳೆಯದು. ಎರಡೂ ಎಂಎ ಸರ್ಟಿಫಿಕೇಟ್‌ಗಳೇ: ಎಎಎಂಎ ಸಂಸ್ಥೆ ಕೊಡುವ ಸಿಎಂಎ ಐದು ವರ್ಷಕ್ಕೊಮ್ಮೆ ನವೀಕರಣ, ಎನ್‌ಎಚ್‌ಎ ಸಂಸ್ಥೆ ಕೊಡುವ ಸಿಸಿಎಂಎ ಎರಡು ವರ್ಷಕ್ಕೊಮ್ಮೆ. ಬರೀ "ಸಿಎಂಎ" ಅಂತ ಹುಡುಕಬೇಡಿ. ಊರಲ್ಲಿ ಅದು ಕಾಸ್ಟ್ ಅಕೌಂಟೆಂಟ್, ಇಲ್ಲಿನ ಕೆಲವು ರಾಜ್ಯಗಳಲ್ಲಿ ಮಾತ್ರೆ ಕೊಡುವ ಸಹಾಯಕರು. ಒಬ್ಬರು ನನಗೆ ಬ್ಯಾಲೆನ್ಸ್ ಶೀಟ್ ಬಗ್ಗೆ ಕೇಳಿದ್ದೂ ಆಗಿದೆ.

"ಎಚ್‌4 (ಅವಲಂಬಿತರ) ವೀಸಾದಲ್ಲಿದ್ದೇನೆ, ಇಎಡಿ (ಕೆಲಸದ ಪರವಾನಗಿ) ಇಲ್ಲ. ಸರ್ಟಿಫಿಕೇಟ್ ಬಂದರೆ ಕೆಲಸ ಮಾಡಬಹುದಾ?"

ಇಲ್ಲ. ಸರ್ಟಿಫಿಕೇಟ್ ಬೇರೆ, ಕೆಲಸದ ಪರವಾನಗಿ ಬೇರೆ. "ಸಂಬಳ ಇಲ್ಲದೆ ಮಾಡಿ, ಏನೂ ಆಗಲ್ಲ" ಅನ್ನುವ ಪರಿಚಯದವರನ್ನಲ್ಲ, ವಕೀಲರನ್ನು ಕೇಳಿ.

"ಪಾಸ್‌ಪೋರ್ಟ್‌ನಲ್ಲಿ ನನಗೆ ಸರ್‌ನೇಮ್ ಇಲ್ಲ, ಬರೀ ಇನಿಷಿಯಲ್. ತೊಂದರೆ ಆಗುತ್ತಾ?" (ಬಾಥೆಲ್, ವಾಷಿಂಗ್ಟನ್)

ಆಗುತ್ತದೆ, ನಮ್ಮವರಿಗೇ ಆಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಕೂರುತ್ತದೆ. ಮೊದಲ ಹೆಸರು ತಿಳಿದಿಲ್ಲ ಅಂತ ಅದರ ಅರ್ಥ. ಅದು ಡ್ರೈವಿಂಗ್ ಲೈಸೆನ್ಸಿಗೂ ಬಂದಿರಬಹುದು. ಪರೀಕ್ಷೆಗೆ ನೀವು ಬಾಯಲ್ಲಿ ಹೇಳುವ ಹೆಸರು ಕೊಟ್ಟು, ಬಾಗಿಲಲ್ಲಿ ಎಫ್‌ಎನ್‌ಯು ಇರುವ ಕಾರ್ಡ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೆ ವಾಪಸ್ ಬಂದಳು, ಫೀಸೂ ಹೋಯಿತು. ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ, ನಾಚಿಕೆ ಆದರೂ ಹಾಗೆಯೇ ನೋಂದಾಯಿಸಿ.

ಅಂದಹಾಗೆ ನಿಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಪರೀಕ್ಷೆ ಪಾಸಾದರಷ್ಟೇ ಸಾಲದು. ಆರೋಗ್ಯ ಇಲಾಖೆಯಿಂದ ಎಂಎ ಪರವಾನಗಿಯೂ ಬೇಕು. ಎರಡೂ ಕಡೆ ಒಂದೇ ಹೆಸರು ಇರಲಿ.

"ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯಬಹುದಲ್ವಾ?"

ಬರೆಯಬಹುದು. ಆದರೆ ಹಾಗೆ ಬರೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕ್ಯಾಮೆರಾದಲ್ಲಿ ಒಬ್ಬರು ನಿಮ್ಮನ್ನು ನೋಡುತ್ತಲೇ ಇರುತ್ತಾರೆ, ಕೋಣೆಯೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಬ್ಯಾಚಿನ ಒಬ್ಬಳು ಹೀಗೇ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಮೈಸೂರಿನಿಂದ ಬಂದಿದ್ದ ಅತ್ತೆ ಮೆಲ್ಲಗೆ ಬಾಗಿಲು ತೆರೆದು "ಕಾಫಿ ತಂದಿದೀನಿ ಕಣಮ್ಮ" ಅಂದರು. ಪರೀಕ್ಷೆ ಅಲ್ಲಿಗೇ ನಿಂತಿತು. ಎರಡನೇ ಸಲ ಅವಳು ಸೆಂಟರಿಗೇ ಹೋದಳು. ಅತ್ತೆ ಹೊರಗೆ ಕಾರಿನಲ್ಲಿ ಫ್ಲಾಸ್ಕ್ ಹಿಡಿದುಕೊಂಡು ಮೂರು ಗಂಟೆ ಕೂತಿದ್ದರಂತೆ.